ಕಾರಿನ ಮೇಲೆ ಉಳಿಯುವ ನೀರಿನ ಕಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲೇ ಕಾರು ತೊಳೆಯುವವರನ್ನು ಕಾಡುವ ಬಿಳಿ ಚುಕ್ಕೆಗಳ ಬಗ್ಗೆಯೂ ಅದಕ್ಕೆ ಮದ್ದೆಂದು ಈಚೆಗೆ ಕೇಳಿಬರುತ್ತಿರುವ ಡಿಅಯನೈಸ್ಡ್ (ಡಿಐ, ಅಂದರೆ ಕರಗಿದ ಲವಣಗಳನ್ನು ತೆಗೆದ) ನೀರಿನ ಬಗ್ಗೆಯೂ ಬಂದಿರುವ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಸೇರಿಸಿ ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನಮ್ಮದು ಕಪ್ಪು ಬಣ್ಣದ ಕಾರು. ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರು, ಸಾಲದಿದ್ದಾಗ ಟ್ಯಾಂಕರ್ ನೀರು. ಎಷ್ಟೇ ಒಳ್ಳೆಯ ಶಾಂಪೂ ಹಾಕಿದರೂ ಒಣಗಿದ ಮೇಲೆ ಮೈತುಂಬ ಬಿಳಿ ಚುಕ್ಕೆಗಳು ಏಳುತ್ತವೆ. ಡಿಅಯನೈಸ್ಡ್ ನೀರಿನಲ್ಲಿ ತೊಳೆದರೆ ಬಟ್ಟೆಯಿಂದ ಒರೆಸುವ ಅಗತ್ಯವೇ ಇಲ್ಲವೆನ್ನುತ್ತಾರೆ. ಇದು ನಿಜವೇ?
(ವೈಟ್‌ಫೀಲ್ಡ್, ಬೆಂಗಳೂರು)

ಉತ್ತರ: ನಿಜ. ಆದರೆ ಇಡೀ ಕಾರನ್ನು ಆ ನೀರಿನಲ್ಲಿ ತೊಳೆಯಬೇಕಾಗಿಲ್ಲ. ಕಟ್ಟಕಡೆಗೆ ಮೈಮೇಲೆ ಹಾಯಿಸುವ ಹತ್ತು ಲೀಟರ್ ನೀರು ಅಂಥದ್ದಾಗಿದ್ದರೆ ಸಾಕು.

ಕಲೆಗೆ ಕಾರಣ ಶಾಂಪೂವೂ ಅಲ್ಲ, ಒರೆಸುವ ಬಟ್ಟೆಯೂ ಅಲ್ಲ. ನೀರು ಆವಿಯಾಗುತ್ತದೆ, ಅದರಲ್ಲಿ ಕರಗಿದ್ದ ಲವಣಗಳು ಆವಿಯಾಗುವುದಿಲ್ಲ. ನೆಲದಾಳದಿಂದ ಬರುವ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೈಕಾರ್ಬೊನೇಟ್‌ಗಳು, ಸಲ್ಫೇಟ್, ಕ್ಲೋರೈಡ್‌ಗಳು ಇರುತ್ತವೆ. ಬೆಂಗಳೂರು, ಕೋಲಾರದಂಥ ಗ್ರಾನೈಟ್ ಸೀಮೆಯಲ್ಲಿ ಅವುಗಳ ಜೊತೆಗೆ ಕರಗಿದ ಸಿಲಿಕಾ ಕೂಡ ಇರುತ್ತದೆ. ನೀರು ಒಣಗುವಾಗ ಬೈಕಾರ್ಬೊನೇಟ್ ತನ್ನಲ್ಲಿದ್ದ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು, ನೀರಿನಲ್ಲಿ ಸುಲಭವಾಗಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬಣ್ಣದ ಮೇಲೆ ಕೂರುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಗಾರೆಯಂಥ ಪದರವೂ ಇದೇ ವಸ್ತು.

ಅದರ ಪ್ರಮಾಣವನ್ನೂ ನೋಡೋಣ. ಒಂದು ಹನಿ ನೀರು ಸುಮಾರು 0.05 ಮಿಲಿಲೀಟರ್ ಇರುತ್ತದೆ. ನಿಮ್ಮ ನೀರಿನ ಟಿಡಿಎಸ್, ಅಂದರೆ ಒಂದು ಲೀಟರಿನಲ್ಲಿ ಕರಗಿರುವ ಒಟ್ಟು ಘನವಸ್ತು, 800 ಮಿಲಿಗ್ರಾಂ ಇದ್ದರೆ ಒಂದು ಹನಿ ಒಣಗಿದ ಜಾಗದಲ್ಲಿ 0.04 ಮಿಲಿಗ್ರಾಂ ಉಪ್ಪು ಉಳಿಯುತ್ತದೆ. ಕೇಳಲು ಏನೂ ಅಲ್ಲವೆನಿಸುವ ಪ್ರಮಾಣವಿದು. ಆದರೆ ಹನಿ ಅಂಚಿನಲ್ಲಿ ಬೇಗ ಒಣಗುವುದರಿಂದ ಒಳಗಿನ ನೀರು ಅಂಚಿನ ಕಡೆಗೆ ಹರಿಯುತ್ತಾ ಲವಣವನ್ನೂ ಅಲ್ಲಿಗೆ ಒಯ್ಯುತ್ತದೆ. ನಿಮ್ಮ ಬಾನೆಟ್ಟಿನ ಮೇಲಿನ ಚುಕ್ಕೆಯನ್ನು ಹತ್ತಿರದಿಂದ ನೋಡಿದರೆ ನಡುವೆ ತಿಳಿಯಾಗಿ, ಸುತ್ತಲೂ ಬೆಳ್ಳಗಿನ ಬಳೆ ಕಟ್ಟಿರುವುದು ಕಾಣುತ್ತದೆ. ಕಪ್ಪು ಬಣ್ಣದ ಮೇಲೆ ಆ ಬಳೆ ಎದ್ದು ಕಾಣುತ್ತದೆ; ಬಿಳಿ ಕಾರಿನವರಿಗೂ ಇದೇ ತೊಂದರೆ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಡಿಅಯನೈಸ್ಡ್ ನೀರನ್ನು ರೆಸಿನ್ ಎಂಬ ಸಣ್ಣ ಮಣಿಗಳ ಮೂಲಕ ಹಾಯಿಸಿ ಪಡೆಯುತ್ತಾರೆ. ಮಣಿಗಳಲ್ಲಿ ಎರಡು ಬಗೆ. ಒಂದು ಕ್ಯಾಲ್ಸಿಯಂ, ಸೋಡಿಯಂ ಮುಂತಾದ ಧನ ಅಯಾನುಗಳನ್ನು (ಅಯಾನು ಎಂದರೆ ವಿದ್ಯುದಾವೇಶವಿರುವ ಕಣ) ಹಿಡಿದುಕೊಂಡು ಹೈಡ್ರೋಜನ್ ಬಿಡುತ್ತದೆ. ಇನ್ನೊಂದು ಕ್ಲೋರೈಡ್, ಸಲ್ಫೇಟ್ ಮುಂತಾದ ಋಣ ಅಯಾನುಗಳನ್ನು ಹಿಡಿದುಕೊಂಡು ಹೈಡ್ರಾಕ್ಸೈಡ್ ಬಿಡುತ್ತದೆ. ಬಿಟ್ಟ ಎರಡೂ ಕೂಡಿ ನೀರೇ ಆಗುತ್ತವೆ. ಎರಡನ್ನೂ ಬೆರೆಸಿ ತುಂಬಿದ ಸಿಲಿಂಡರನ್ನು ಮಿಕ್ಸೆಡ್ ಬೆಡ್ ಎನ್ನುತ್ತಾರೆ. ಅದರಿಂದ ಹೊರಬಂದ ನೀರಿನಲ್ಲಿ ಟಿಡಿಎಸ್ ಮೀಟರ್ ಅದ್ದಿದರೆ 0 ಅಥವಾ 1 ಎಂದು ತೋರಿಸುತ್ತದೆ. ಇಂಥ ನೀರು ಒಣಗಿದರೆ ಉಳಿಯಲು ಏನೂ ಇರುವುದಿಲ್ಲ. ಬ್ರಿಟನ್ನಿನಲ್ಲಿ ಎತ್ತರದ ಕಟ್ಟಡಗಳ ಕಿಟಕಿ ತೊಳೆಯುವವರು ಉದ್ದನೆಯ ಕೋಲಿನ ತುದಿಯ ಬ್ರಷ್ಷಿಗೆ ಇದೇ ನೀರು ಹಾಯಿಸಿ, ಗಾಜನ್ನು ಒರೆಸದೆ ಹಾಗೆಯೇ ಒಣಗಲು ಬಿಡುತ್ತಾರೆ. ಕಾರಿನ ಮೇಲೂ ಟಿಡಿಎಸ್ 10ಕ್ಕಿಂತ ಕೆಳಗಿದ್ದರೆ ಕಣ್ಣಿಗೆ ಕಾಣುವ ಕಲೆ ಸಾಮಾನ್ಯವಾಗಿ ಉಳಿಯುವುದಿಲ್ಲ.

ಹೋಲಿಕೆಗೆ ಹೇಳುವುದಾದರೆ, ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಪ್ರಕಾರ 500 ಟಿಡಿಎಸ್‌ವರೆಗಿನ ನೀರು ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 2,000ದವರೆಗೂ ಅವಕಾಶವಿದೆ. ಹೊಟ್ಟೆ ಸಹಿಸುವ ನೀರನ್ನು ಕಪ್ಪು ಕಾರು ಸಹಿಸಲೇಬೇಕೆಂದಿಲ್ಲ.

ಪ್ರಶ್ನೆ: ನಮ್ಮ ಕಟ್ಟಡಕ್ಕೆ ದುಬಾರಿ ವಾಟರ್ ಸಾಫ್ಟ್‌ನರ್ ಹಾಕಿಸಿದ್ದೇವೆ. ನೀರು ಮೆದುವಾಗಿದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ. ಆದರೂ ಕಾರಿನ ಮೇಲೆ ಕಲೆ ತಪ್ಪಿಲ್ಲ. ಯಂತ್ರ ಕೆಟ್ಟಿದೆಯೇ?
(ಯಲಹಂಕ)

ಉತ್ತರ: ಸೋಪು ನೊರೆ ಬರುತ್ತಿದ್ದರೆ ಯಂತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಸಾಫ್ಟ್‌ನರ್ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ತೆಗೆದುಕೊಂಡು ಅವುಗಳ ಜಾಗದಲ್ಲಿ ಸೋಡಿಯಂ ಕೊಡುತ್ತದೆ. ಗಡಸುತನ ಹೋಗುತ್ತದೆ, ಒಟ್ಟು ಲವಣ ಕಡಿಮೆಯಾಗುವುದಿಲ್ಲ. ಸಾಫ್ಟ್‌ನರಿಗೆ ಮುಂಚೆ ಮತ್ತು ಆಮೇಲೆ ಟಿಡಿಎಸ್ ಅಳೆದು ನೋಡಿ, ಹೆಚ್ಚುಕಡಿಮೆ ಒಂದೇ ಇರುತ್ತದೆ. ಒಂದು ಸಮಾಧಾನವೆಂದರೆ ಸೋಡಿಯಂ ಲವಣಗಳು ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಈ ಕಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತವೆ. ಕ್ಯಾಲ್ಸಿಯಂ ಕಲೆ ಹಾಗೆ ಹೋಗುವುದಿಲ್ಲ. ಪೈಪಿಗೆ ಕಟ್ಟುವ ಅಯಸ್ಕಾಂತದ ಸಾಧನಗಳ ಬಗ್ಗೆಯೂ ನೀವು ಕೇಳಿದ್ದೀರಿ. ಅವು ನೀರಿನಿಂದ ಏನನ್ನೂ ತೆಗೆಯುವುದಿಲ್ಲ, ಆದ್ದರಿಂದ ಈ ಕೆಲಸಕ್ಕೆ ಉಪಯೋಗವಿಲ್ಲ.

ಪ್ರಶ್ನೆ: ನಮ್ಮೂರಿನ ಬೋರಿನ ನೀರು ಸವಳು, ಟಿಡಿಎಸ್ 1,600. ಆನ್‌ಲೈನಿನಲ್ಲಿ ಸಿಗುವ ಒಂದು ಲೀಟರ್ ರೆಸಿನ್ ಹಿಡಿಯುವ ಡಿಐ ಕಾರ್ಟ್ರಿಡ್ಜನ್ನು ನೇರವಾಗಿ ನಲ್ಲಿಗೆ ಸಿಕ್ಕಿಸಿ ಕಾರು ತೊಳೆಯಬಹುದೇ? ಎಷ್ಟು ದಿನ ಬಾಳಿಕೆ ಬರುತ್ತದೆ?
(ಗದಗ ಜಿಲ್ಲೆ)

ಉತ್ತರ: ದಿನಗಳ ಮಾತು ಬಿಡಿ, ನಿಮ್ಮ ನೀರಿಗೆ ಅದು ನಿಮಿಷಗಳ ಬಾಳಿಕೆ. ಮಾರುವವರು ಸಾಮಾನ್ಯವಾಗಿ ಈ ಲೆಕ್ಕವನ್ನು ಹೇಳುವುದಿಲ್ಲವಾದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತೇವೆ.

ಮಿಕ್ಸೆಡ್ ಬೆಡ್ ರೆಸಿನ್ ಒಂದು ಲೀಟರಿಗೆ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಹೇಳುವುದಾದರೆ, ಅಂದಾಜು 25 ಗ್ರಾಂ ಲವಣ ಹಿಡಿಯಬಲ್ಲದು. ನಿಮ್ಮ ಒಂದು ಲೀಟರ್ ನೀರಿನಲ್ಲಿ 1.6 ಗ್ರಾಂ ಲವಣವಿದೆ. ಭಾಗಿಸಿದರೆ ಹದಿನೈದು ಲೀಟರ್, ಉದಾರವಾಗಿ ಲೆಕ್ಕ ಹಾಕಿದರೆ ಇಪ್ಪತ್ತು ಲೀಟರ್ ಬರುತ್ತದೆ. ಮನೆಯ ಪೈಪಿನಲ್ಲಿ ನಿಮಿಷಕ್ಕೆ ಹತ್ತು ಲೀಟರಿಗಿಂತ ಹೆಚ್ಚೇ ನೀರು ಬರುವಾಗ, ಕಾರಿನ ಒಂದು ಮಗ್ಗುಲು ಮುಗಿಸಿ ಇನ್ನೊಂದಕ್ಕೆ ಬರುವ ಹೊತ್ತಿಗೆ ರೆಸಿನ್ ಸೋತುಹೋಗಿರುತ್ತದೆ. ಅದೂ ಅಲ್ಲದೆ ಮಣಿಗಳ ನಡುವೆ ನೀರು ಅಷ್ಟು ರಭಸವಾಗಿ ನುಗ್ಗಿದರೆ ಅಯಾನುಗಳ ವಿನಿಮಯಕ್ಕೆ ಬೇಕಾದ ಸಮಯವೂ ಸಿಗುವುದಿಲ್ಲ. ಹಾಗಾಗಿ ಸವಳು ನೀರಿನ ಸೀಮೆಯಲ್ಲಿ ಡಿಐ ಕಾರ್ಟ್ರಿಡ್ಜನ್ನು ನಲ್ಲಿಗೆ ನೇರವಾಗಿ ಜೋಡಿಸುವುದೆಂದರೆ ದುಡ್ಡನ್ನು ಚರಂಡಿಗೆ ಬಿಟ್ಟಂತೆಯೇ ಸರಿ.

ದಾರಿ ಇದೆ: ಮೊದಲು ಆರ್‌ಒ, ಆಮೇಲೆ ರೆಸಿನ್. ಆರ್‌ಒ ಯಂತ್ರದ ಒಳ್ಳೆಯ ಮೆಂಬ್ರೇನ್ (ಸೋಸುವ ತೆಳು ಪೊರೆ) ಲವಣದ ನೂರರಲ್ಲಿ 90ರಿಂದ 95 ಪಾಲನ್ನು ತಡೆಯುತ್ತದೆ. 1,600 ಇದ್ದದ್ದು 80ರಿಂದ 160ರ ನಡುವೆ ಬಂದು ನಿಂತರೆ, ಅದೇ ಒಂದು ಲೀಟರ್ ರೆಸಿನ್ ಇಪ್ಪತ್ತು ಲೀಟರಿನ ಬದಲು ನೂರೈವತ್ತರಿಂದ ಮುನ್ನೂರು ಲೀಟರ್ ಶುದ್ಧ ನೀರು ಕೊಡುತ್ತದೆ. ಆರ್‌ಒ ನೀರಿನಲ್ಲಿ ಉಳಿದುಬರುವ ಇಂಗಾಲದ ಡೈಆಕ್ಸೈಡ್ ಕೂಡ ರೆಸಿನ್ನಿನ ಶಕ್ತಿಯನ್ನು ಸ್ವಲ್ಪ ತಿನ್ನುವುದರಿಂದ ಲೆಕ್ಕವನ್ನು ಕೆಳಗಿನ ಅಂಕಿಯ ಕಡೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಬಾರಿಗೆ ಹತ್ತು ಲೀಟರ್ ಸಾಕೆಂದ ಮೇಲೆ ಒಂದು ಕಾರ್ಟ್ರಿಡ್ಜ್ ಹದಿನೈದು ಬಾರಿಯಾದರೂ ಬರುತ್ತದೆ.

ಅಡುಗೆಮನೆಯ ಆರ್‌ಒ ಯಂತ್ರದ ನೀರನ್ನು ಇದಕ್ಕೆ ಬಳಸುವುದಾದರೆ ಒಂದು ಎಚ್ಚರಿಕೆ ಬೇಕು. ಬಹುತೇಕ ಮನೆಯ ಯಂತ್ರಗಳಲ್ಲಿ ರುಚಿಗೆಂದು ಟಿಡಿಎಸ್ ಕಂಟ್ರೋಲರ್ ಅಥವಾ ಮಿನರಲ್ ಕಾರ್ಟ್ರಿಡ್ಜ್ ಇರುತ್ತದೆ. ಮೆಂಬ್ರೇನ್ ತೆಗೆದ ಲವಣದಲ್ಲಿ ಒಂದಿಷ್ಟನ್ನು ಅದು ಮತ್ತೆ ಸೇರಿಸುತ್ತದೆ. ಕುಡಿಯಲು ಅದು ಸರಿ, ರೆಸಿನ್ನಿಗೆ ಸರಿಯಲ್ಲ. ಮೆಕ್ಯಾನಿಕ್ಕಿಗೆ ಹೇಳಿ ಮೆಂಬ್ರೇನಿನ ನೀರು ನೇರವಾಗಿ ಬರುವಂತೆ ಒಂದು ಪ್ರತ್ಯೇಕ ಕೊಳವೆ ತೆಗೆಸಿಕೊಂಡರೆ, ರಾತ್ರಿಯಿಡೀ ಸಣ್ಣಗೆ ಹರಿದು ಬೆಳಿಗ್ಗೆ ಒಂದು ಕ್ಯಾನ್ ತುಂಬಿರುತ್ತದೆ. ನಿಧಾನವಾಗಿ ಹರಿಯುವುದೇ ರೆಸಿನ್ನಿಗೂ ಹಿತ. ಆರ್‌ಒ ಹೊರಹಾಕುವ ಉಪ್ಪಿನ ನೀರನ್ನು ನೆಲ ಒರೆಸಲು, ಶೌಚಕ್ಕೆ ಇಟ್ಟುಕೊಳ್ಳಿ.

ರೆಸಿನ್ ಮುಗಿಯಿತೆಂದು ತಿಳಿಯಲು ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರ್ ಸಾಕು, ಆದರೆ ಅದನ್ನೇ ಪೂರ್ತಿ ನಂಬಬೇಡಿ. ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಸಿಲಿಕಾ ವಿದ್ಯುತ್ತನ್ನು ಹೆಚ್ಚುಕಡಿಮೆ ಸಾಗಿಸುವುದೇ ಇಲ್ಲ. ರೆಸಿನ್ ಕೂಡ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ. ಹೀಗಾಗಿ ರೆಸಿನ್ ಮುಗಿಯುತ್ತಾ ಬಂದಾಗ ಎಲ್ಲಕ್ಕಿಂತ ಮೊದಲು ಜಾರಿ ಹೊರಬರುವುದು ಸಿಲಿಕಾ, ಆ ಹೊತ್ತಿನಲ್ಲೂ ಮೀಟರ್ ಒಂದಂಕಿಯನ್ನೇ ತೋರಿಸುತ್ತಿರುತ್ತದೆ. ಅಳತೆ 10 ಮುಟ್ಟುವವರೆಗೆ ಕಾಯದೆ, 0ಯಲ್ಲಿದ್ದದ್ದು ಏರತೊಡಗಿದ ಕೂಡಲೇ ರೆಸಿನ್ ಬದಲಿಸುವುದು ಜಾಣತನ. ಬಣ್ಣ ಬದಲಿಸುವ ರೆಸಿನ್‌ಗಳೂ ಇವೆ. ಹಳೆಯ ರೆಸಿನ್ನಿನಿಂದ ಬರುವ ನೀರು ಕೊಳೆತ ಮೀನಿನ ವಾಸನೆ ಹೊಡೆಯುವುದುಂಟು. ಇದು ಮಣಿಗಳಿಂದಲೇ ಕಳಚಿಬರುವ ಟ್ರೈಮೀಥೈಲ್ಅಮೀನ್ ಎಂಬ ವಸ್ತುವಿನ ವಾಸನೆ; ನಿಮ್ಮ ಟ್ಯಾಂಕಿನಲ್ಲಿ ಏನೋ ಸತ್ತಿದೆಯೆಂದು ಹುಡುಕಬೇಕಾಗಿಲ್ಲ.

ಪ್ರಶ್ನೆ: ಇಷ್ಟೆಲ್ಲ ರಗಳೆ ಯಾಕೆ, ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನನ್ನೇ ತಂದು ಸುರಿದರೆ ಆಗದೇ?
(ತುಮಕೂರು)

ಉತ್ತರ: ಖಂಡಿತ ಆಗುತ್ತದೆ, ತಿಂಗಳಿಗೊಮ್ಮೆ ಮಾತ್ರ ತೊಳೆಯುವವರಿಗೆ ಇದೇ ಸರಳ. ಅಂಗಡಿಗಳಲ್ಲಿ ಡಿಸ್ಟಿಲ್ಡ್ ಎಂದು ಮಾರುವುದರಲ್ಲಿ ಬಹಳಷ್ಟು ನಿಜಕ್ಕೂ ರೆಸಿನ್ನಿನಿಂದ ತೆಗೆದ ಡಿಎಂ (ಡಿಮಿನರಲೈಸ್ಡ್, ಅಂದರೆ ಲವಣ ತೆಗೆದ) ನೀರೇ ಆಗಿರುತ್ತದೆ, ಈ ಕೆಲಸಕ್ಕೆ ಎರಡೂ ಒಂದೇ. ತಂದ ಕ್ಯಾನಿನ ನೀರನ್ನು ಒಮ್ಮೆ ಮೀಟರಿನಿಂದ ಅಳೆಯಿರಿ. 30, 40 ಎಂದು ತೋರಿಸಿದರೆ ಅದು ಬರೀ ಆರ್‌ಒ ನೀರು; ಕಾರಿಗೆ ಮಾತ್ರವಲ್ಲ, ಬ್ಯಾಟರಿಗೂ ಅದನ್ನು ಹಾಕಬಾರದು. ಕುದಿಸಿ ಸೋಸಿದ ನೀರು ಆಗುತ್ತದೆಯೇ ಎಂದು ನಿಮ್ಮ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಕುದಿಸಿದಾಗ ಬೈಕಾರ್ಬೊನೇಟ್‌ನ ಒಂದು ಪಾಲು ಗಟ್ಟಿಯಾಗಿ ತಳ ಸೇರುತ್ತದೆ, ಉಳಿದ ಲವಣ ನೀರಿನಲ್ಲೇ ಇದ್ದು ನೀರು ಆವಿಯಾದಂತೆಲ್ಲ ಇನ್ನಷ್ಟು ಸಾಂದ್ರವಾಗುತ್ತದೆ. ಗ್ಯಾಸ್ ದಂಡ.

ಪ್ರಶ್ನೆ: ನಾವು ಮಲೆನಾಡಿನವರು. ಗುಡ್ಡದ ಒರತೆಯಿಂದ ಪೈಪಿನಲ್ಲಿ ನೀರು ಬರುತ್ತದೆ. ನಮಗೂ ಡಿಐ ಬೇಕೇ? ತೋಟಕ್ಕೆ ಔಷಧಿ ಹೊಡೆಯುವ ಬೆನ್ನಿನ ಸ್ಪ್ರೇಯರ್ ಇದೆ, ಅದರಿಂದ ಸಿಂಪಡಿಸಬಹುದೇ?
(ತೀರ್ಥಹಳ್ಳಿ)

ಉತ್ತರ: ಮೊದಲ ಪ್ರಶ್ನೆಗೆ: ಬಹುಶಃ ಬೇಡ. ಒರತೆಯ ನೀರಿನಲ್ಲಿ ಲವಣ ಬಹಳ ಕಡಿಮೆ ಇರುತ್ತದೆ. ಅಳೆದು ನೋಡಿ, 50ರ ಒಳಗೆ ಇದ್ದರೆ ತೊಳೆದ ಕೂಡಲೇ ಮೈಕ್ರೊಫೈಬರ್ ಬಟ್ಟೆಯಿಂದ ನೀರು ಹೀರಿದರೆ ಮುಗಿಯಿತು. ಎರಡನೆಯದಕ್ಕೆ: ದಯವಿಟ್ಟು ಬೇಡ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದ ಸ್ಪ್ರೇಯರಿನ ಗೋಡೆಗೆ, ನಳಿಕೆಗೆ, ವಾಷರಿಗೆ ಮೈಲುತುತ್ತ ಮತ್ತು ಸುಣ್ಣ ಅಂಟಿಕೊಂಡಿರುತ್ತವೆ. ಎಷ್ಟೇ ತೊಳೆದರೂ ಅವು ಪೂರ್ತಿ ಹೋಗುವುದಿಲ್ಲ. ಕಲೆ ತೆಗೆಯಲು ಹೊರಟು ಸುಣ್ಣವನ್ನೇ ಸಿಂಪಡಿಸಿದಂತಾಗುತ್ತದೆ. ಔಷಧಿ ಮುಟ್ಟದ ಹೊಸ ಕೈಪಂಪಿನ ಸ್ಪ್ರೇಯರ್ ಒಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ.

ಪ್ರಶ್ನೆ: ಮಳೆನೀರು, ಎಸಿಯಿಂದ ತೊಟ್ಟಿಕ್ಕುವ ನೀರು, ಇವೆರಡೂ ಶುದ್ಧ ನೀರೇ ಅಲ್ಲವೇ?
(ಮಂಗಳೂರು)

ಉತ್ತರ: ಹೌದು, ಮತ್ತು ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಅತ್ಯಂತ ಅಗ್ಗದ ಉಪಾಯ ನಿಮ್ಮದೇ. ಎರಡೂ ಆವಿಯಾಗಿ ತಿರುಗಿ ನೀರಾದದ್ದು, ಹಾಗಾಗಿ ಲವಣ ಅತ್ಯಲ್ಪ. ನಿಮ್ಮ ಊರಿನ ಸೆಕೆಯಲ್ಲಿ ಒಂದೂವರೆ ಟನ್ನಿನ ಎಸಿ ದಿನಕ್ಕೆ ಹಲವು ಲೀಟರ್ ನೀರು ಸುರಿಸುತ್ತದೆ. ಎರಡು ದಿನ ಕೂಡಿಟ್ಟರೆ ಒಂದು ಕಾರಿನ ಕೊನೆಯ ಜಾಲಾಟಕ್ಕೆ ಸಾಕಾಗಬಹುದು. ಅದರಲ್ಲಿ ದೂಳು, ಲೋಳೆ ಇರುತ್ತವಾದ್ದರಿಂದ ತೆಳು ಬಟ್ಟೆಯಲ್ಲಿ ಸೋಸಿ, ಬಹಳ ದಿನ ಇಡದೆ ಬಳಸಿ. ಎಸಿಯ ಸುರುಳಿಯಿಂದ ಲೋಹದ ಅಂಶ ಸೇರಿರಬಹುದಾದ್ದರಿಂದ ಆ ನೀರನ್ನು ಬ್ಯಾಟರಿಗೆ ಹಾಕಬೇಡಿ.

ಮಳೆನೀರಿನ ವಿಷಯದಲ್ಲಿ ಅದು ಯಾವುದರ ಮೇಲೆ ಬಿದ್ದು ಬಂತು ಎನ್ನುವುದು ಮುಖ್ಯ. ಹಂಚಿನ ಮಾಡಿನಿಂದ, ಮೊದಲ ಮಳೆಯ ಕೊಳೆ ಹರಿದುಹೋದ ಮೇಲೆ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಿಡಿದ ನೀರು ಬಹಳ ಒಳ್ಳೆಯದು. ಅದೇ ಮಳೆ ಹೊಸ ಸಿಮೆಂಟ್ ತಾರಸಿಯ ಮೇಲೆ ನಿಂತು, ಸಿಮೆಂಟ್ ಸಂಪಿನಲ್ಲಿ ತಿಂಗಳುಗಟ್ಟಲೆ ಕೂತರೆ ಸುಣ್ಣವನ್ನು ಕರಗಿಸಿಕೊಂಡು ಗಡಸಾಗುತ್ತದೆ. ಬೆಂಗಳೂರಿನಲ್ಲಿ ಕಡ್ಡಾಯ ಮಳೆನೀರು ಕೊಯ್ಲಿನ ಸಂಪು ಇರುವವರು ಈ ಕಾರಣಕ್ಕೆ ಒಮ್ಮೆ ಅಳೆದು ನೋಡಬೇಕು. ಕಡಲ ತೀರಕ್ಕೆ ತಾಗಿದಂತಿರುವ ಮನೆಯಾದರೆ ಮಾಡಿನ ಮೇಲೆ ಕೂತ ಉಪ್ಪಿನ ಅಂಶ ಹೋಗಲು ಇನ್ನೂ ಒಂದೆರಡು ಮಳೆ ಕಾಯಿರಿ.

ಪ್ರಶ್ನೆ: ಡಿಐ ನೀರು ಬಳಸಿದರೂ ಕನ್ನಡಿಯ ಕೆಳಗೆ, ಬಾಗಿಲ ಹಿಡಿಯ ಬಳಿ ಗೆರೆಗಳು ಇಳಿದಿವೆ. ತೊಳೆಯುವ ಕ್ರಮವೇ ತಪ್ಪೇ?
(ಮೈಸೂರು)

ಉತ್ತರ: ಕ್ರಮದಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದೆ. ಕನ್ನಡಿಯ ಹಿಂದೆ, ಹಿಡಿಯ ಸಂದಿಯಲ್ಲಿ, ನಂಬರ್ ಪ್ಲೇಟಿನ ಹಿಂಬದಿಯಲ್ಲಿ, ಕಂಪನಿಯ ಲಾಂಛನದ ಅಂಚಿನಲ್ಲಿ ಮಾಮೂಲಿ ನೀರು ಅಡಗಿ ಕೂತಿರುತ್ತದೆ. ಮೈಯೆಲ್ಲ ಒಣಗಿದ ಮೇಲೆ ಅದು ನಿಧಾನವಾಗಿ ಇಳಿದು ಗೆರೆ ಎಳೆಯುತ್ತದೆ. ಕೊನೆಯ ಡಿಐ ನೀರನ್ನು ಚಾವಣಿಯಿಂದ ಶುರುಮಾಡಿ ಕೆಳಗಿಳಿಸುತ್ತಾ ಈ ಸಂದಿಗಳಿಗೆ ಸ್ವಲ್ಪ ಹೆಚ್ಚು ಹೊತ್ತು ಹಾಯಿಸಬೇಕು. ಹಳೆಯ ನೀರನ್ನು ತಳ್ಳಿ ಅದರ ಜಾಗದಲ್ಲಿ ಹೊಸ ನೀರು ನಿಲ್ಲುವಂತೆ. ಅದಕ್ಕೆ ಮೊದಲು ಶಾಂಪೂವಿನ ಅಂಶ ಪೂರ್ತಿ ಹೋಗಿರಬೇಕು, ಏಕೆಂದರೆ ನೀರು ಎಷ್ಟೇ ಶುದ್ಧವಾಗಿದ್ದರೂ ಕಾರಿನ ಮೇಲೆ ಉಳಿದ ಸೋಪು, ದೂಳು ತಮ್ಮದೇ ಕಲೆ ಬಿಡುತ್ತವೆ. ನೆರಳಿನಲ್ಲಿ, ಬಾನೆಟ್ ತಣ್ಣಗಿರುವಾಗ ತೊಳೆಯಿರಿ. ಡಿಐ ನೀರು ಬಿಸಿಲಲ್ಲಿ ಒಣಗಿದರೂ ತೊಂದರೆಯಿಲ್ಲ, ಆದರೆ ಅದಕ್ಕೆ ಮುಂಚಿನ ನಲ್ಲಿ ನೀರು ನಡುವೆಯೇ ಒಣಗಿಬಿಟ್ಟರೆ ಆ ಕಲೆಯನ್ನು ಕೊನೆಯ ಜಾಲಾಟ ಕರಗಿಸಲಾರದು.

ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಕಲೆಯೇ ಬೀಳುವುದಿಲ್ಲವೆಂಬ ಮಾತು ಪೂರ್ಣ ಸತ್ಯವಲ್ಲ. ಕೋಟಿಂಗ್ ಮೇಲೆ ನೀರು ಹರಡದೆ ಉಬ್ಬಿದ ಹನಿಯಾಗಿ ನಿಲ್ಲುತ್ತದೆ. ಲವಣ ಚಿಕ್ಕ ಜಾಗದಲ್ಲಿ ದಟ್ಟವಾಗಿ ಕೂರುತ್ತದೆ. ಒರೆಸಲು ಸುಲಭ ನಿಜ, ಒರೆಸದೆ ಬಿಟ್ಟರೆ ಕಲೆ ಇನ್ನೂ ಎದ್ದು ಕಾಣುತ್ತದೆ.

ಪ್ರಶ್ನೆ: ಈಗಾಗಲೇ ಕೂತಿರುವ ಹಳೆಯ ಕಲೆ ತೆಗೆಯಲು ಬಾತ್‌ರೂಮ್ ಆಸಿಡ್ ನೀರು ಬೆರೆಸಿ ಬಳಸಬಹುದೆಂದು ವಾಷಿಂಗ್ ಸೆಂಟರಿನವರು ಹೇಳಿದರು. ಹಚ್ಚಬಹುದೇ?
(ಹುಬ್ಬಳ್ಳಿ)

ಉತ್ತರ: ಬೇಡವೇ ಬೇಡ. ಅದು ಹೈಡ್ರೋಕ್ಲೋರಿಕ್ ಆಮ್ಲ. ಅಲ್ಯುಮಿನಿಯಂ ಚಕ್ರಗಳನ್ನು, ಕ್ರೋಮ್ ಪಟ್ಟಿಗಳನ್ನು ತಿನ್ನುತ್ತದೆ, ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟನ್ನು ಮಂಕು ಮಾಡುತ್ತದೆ. ಹುಣಸೆಹಣ್ಣು, ನಿಂಬೆಸಿಪ್ಪೆ ಹಿಡಿದು ಉಜ್ಜುವುದನ್ನು ಹಿತ್ತಾಳೆ ಪಾತ್ರೆಗಳಿಗೆ ಮೀಸಲಿಡಿ, ಅವುಗಳ ನಾರು ಗೀರು ಬೀಳಿಸುತ್ತದೆ.

ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರಿಗೆ ಅಷ್ಟೇ ಡಿಐ ನೀರು ಬೆರೆಸಿ, ಮೆತ್ತನೆಯ ಬಟ್ಟೆಯನ್ನು ಅದರಲ್ಲಿ ಅದ್ದಿ, ತಣ್ಣಗಿರುವ ಬಾನೆಟ್ಟಿನ ಒಂದು ಮೂಲೆಯಲ್ಲಿ ಒಂದು ನಿಮಿಷ ಇಟ್ಟು, ಒತ್ತಿ ಉಜ್ಜದೆ ಒರೆಸಿ, ಕೂಡಲೇ ಚೆನ್ನಾಗಿ ನೀರು ಹಾಯಿಸಿ ನೋಡಿ. ಕಾರ್ಬೊನೇಟ್ ಕಲೆಯಾದರೆ ಕರಗಿ ಹೋಗುತ್ತದೆ. ಹೋಗದಿದ್ದರೆ ಎರಡು ಸಾಧ್ಯತೆಗಳಿವೆ. ಒಂದು, ಅದು ಸಿಲಿಕಾ. ವಿನೆಗರಿಗೆ ಜಗ್ಗುವುದಿಲ್ಲ, ಗಾಜಿನ ಮೇಲಾದರೆ ಸೀರಿಯಂ ಆಕ್ಸೈಡ್ ಪಾಲಿಶ್ ಬೇಕಾಗುತ್ತದೆ. ಇನ್ನೊಂದು, ಕಲೆ ಮೇಲೆ ಕೂತದ್ದಲ್ಲ, ಕ್ಲಿಯರ್ ಕೋಟಿನೊಳಗೆ ಕೊರೆದ ಗುಳಿ. ಉಗುರು ಆಡಿಸಿದರೆ ಉಬ್ಬಿಲ್ಲದೆ ತಗ್ಗು ತಿಳಿಯುತ್ತದೆ. ಇದಕ್ಕೆ ಯಂತ್ರದ ಪಾಲಿಶ್ ಒಂದೇ ದಾರಿ, ಆದರೆ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40, 50 ಮೈಕ್ರಾನ್ ದಪ್ಪವಷ್ಟೇ ಇರುವುದರಿಂದ ಪ್ರತಿ ವರ್ಷ ಪಾಲಿಶ್ ಮಾಡಿಸುವ ವಿಷಯವಲ್ಲ ಅದು. ಹೈಡ್ರೋಫ್ಲೋರಿಕ್ ಆಮ್ಲವಿರುವ ಕಲೆನಾಶಕಗಳನ್ನು ಮನೆಯೊಳಗೆ ತರಲೇಬೇಡಿ. ಚರ್ಮದ ಮೂಲಕ ಇಳಿದು ಪ್ರಾಣಕ್ಕೇ ಕುತ್ತು ತರಬಲ್ಲ ವಸ್ತುವದು.

ಪ್ರಶ್ನೆ: ಕುಡಿಯಲು ನೀರಿಲ್ಲದ ಊರಿನಲ್ಲಿ ಕಾರಿಗೆ ಶುದ್ಧ ನೀರು ಸುರಿಯುವ ಪಾಠ ಬೇಕಿತ್ತೇ?
(ಬಸವನಗುಡಿ)

ಉತ್ತರ: ನ್ಯಾಯವಾದ ಪ್ರಶ್ನೆ. ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ವಾಹನ ತೊಳೆಯಲು ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ತಪ್ಪು ಮರುಕಳಿಸಿದರೆ ದಿನಕ್ಕೆ 500 ರೂಪಾಯಿ ಹೆಚ್ಚುವರಿ. 2025ರ ಫೆಬ್ರವರಿಯಲ್ಲೂ ಅದೇ ನಿಷೇಧವನ್ನು ಮತ್ತೆ ಹೊರಡಿಸಿತು. ಇಂಥ ಆದೇಶ ಜಾರಿಯಲ್ಲಿರುವಾಗ ಕಾವೇರಿ ನೀರನ್ನು ಡಿಐ ಮಾಡಿ ಸುರಿದರೂ ಅದು ಕಾವೇರಿ ನೀರೇ. ಹಾಗೆಯೇ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ಕಾರಿಗೆ ಹಾಕುವುದನ್ನೂ ನಾವು ಒಪ್ಪುವುದಿಲ್ಲ. ಪೈಪು ಬಿಟ್ಟು ಕಾಲು ಗಂಟೆ ತೊಳೆಯುವವರು ನೂರೈವತ್ತು ಲೀಟರಿಗೂ ಹೆಚ್ಚು ಖರ್ಚು ಮಾಡುತ್ತಾರೆ. ಶಾಂಪೂವಿಗೊಂದು, ಕೈಗವಸು ಜಾಲಿಸಲಿಕ್ಕೊಂದು ಬಕೆಟ್ ಇಟ್ಟುಕೊಂಡು, ಕೊನೆಗೆ ಸ್ಪ್ರೇಯರಿನಿಂದ ಹತ್ತು ಲೀಟರ್ ಮಳೆನೀರು ಅಥವಾ ಎಸಿ ನೀರು ಹಾಯಿಸಿದರೆ ನಲವತ್ತರ ಸುತ್ತಮುತ್ತ ಮುಗಿಯುತ್ತದೆ.

ಪ್ರಶ್ನೆ: ಸೋತುಹೋದ ರೆಸಿನ್ನನ್ನು ಸಾಫ್ಟ್‌ನರಿನಂತೆ ಕಲ್ಲುಪ್ಪಿನ ನೀರು ಹಾಯಿಸಿ ಮತ್ತೆ ಬಳಸಬಹುದೇ?
(ದಾವಣಗೆರೆ)

ಉತ್ತರ: ಸಾಧ್ಯವಿಲ್ಲ. ಉಪ್ಪು ನೀರು ಹಾಯಿಸಿದರೆ ಒಂದು ಬಗೆಯ ಮಣಿಗೆ ಸೋಡಿಯಂ, ಇನ್ನೊಂದಕ್ಕೆ ಕ್ಲೋರೈಡ್ ತುಂಬಿಕೊಂಡು, ಬರುವ ನೀರು ಮೊದಲಿಗಿಂತ ಒಳ್ಳೆಯದೇನೂ ಆಗಿರುವುದಿಲ್ಲ. ಎರಡು ಬಗೆಯ ಮಣಿಗಳನ್ನು ಮೊದಲು ನೀರಿನ ಹರಿವಿನಲ್ಲಿ ಬೇರ್ಪಡಿಸಿ, ಒಂದಕ್ಕೆ ಆಮ್ಲ, ಇನ್ನೊಂದಕ್ಕೆ ಕಾಸ್ಟಿಕ್ ಸೋಡಾ ಹಾಯಿಸಿ, ಚೆನ್ನಾಗಿ ತೊಳೆದು ಮತ್ತೆ ಬೆರೆಸಬೇಕು. ಇದು ಡಿಎಂ ಘಟಕದವರ ಕೆಲಸ. ದೊಡ್ಡ ಸಿಲಿಂಡರ್ ಇರುವವರು ಅವರಿಂದ ಹಣ ಕೊಟ್ಟು ಮಾಡಿಸಿಕೊಳ್ಳಬಹುದು. ಒಂದು ಲೀಟರಿನ ಕಾರ್ಟ್ರಿಡ್ಜಿಗಾದರೆ ಹೊಸ ರೆಸಿನ್ ತುಂಬಿಸುವುದೇ ಅಗ್ಗ. ಹಳೆಯ ಮಣಿಗಳನ್ನು ಮೋರಿಗೆ ಸುರಿಯದೆ ಚೀಲದಲ್ಲಿ ಕಟ್ಟಿ ಒಣಕಸದೊಂದಿಗೆ ಕೊಡಿ. ನೆಲದ ಮೇಲೆ ಚೆಲ್ಲಿದರೆ ಅವುಗಳ ಮೇಲೆ ಕಾಲಿಟ್ಟವರು ಜಾರಿ ಬೀಳುವುದು ಖಚಿತ.